ನಾಯಿಯ ಕಜ್ಜಿ: ಅರಿಯುವ ಬಗೆ, ಗುಣಪಡಿಸುವ ಬಗೆ

ನಮ್ಮ ಮಾತಿನಲ್ಲಿ ಒಬ್ಬನನ್ನು ತೀರ ಕೀಳಾಗಿ ಬಯ್ಯಬೇಕಾದರೆ ‘ಕಜ್ಜಿನಾಯಿ’ ಎನ್ನುತ್ತೇವೆ. ಬಯ್ಗುಳವಾಗಿ ಬಳಸಿ ಬಳಸಿ, ಅದು ಒಂದು ರೋಗದ ಹೆಸರೂ ಹೌದು, ಆ ರೋಗಕ್ಕೆ ಮದ್ದೂ ಉಂಟು ಎಂಬುದನ್ನೇ ಮರೆತುಬಿಟ್ಟಿದ್ದೇವೆ. ಕೂದಲುದುರಿ, ಚರ್ಮ ದಪ್ಪವಾಗಿ ಮಡಿಕೆಬಿದ್ದು, ಹಗಲಿರುಳೆನ್ನದೆ ಕೆರೆದುಕೊಳ್ಳುತ್ತ ಅಲೆಯುವ ನಾಯಿಯನ್ನು ಕಂಡಾಗ ಮೊದಲು ನಮ್ಮ ಕೈಗೆ ಬರುವುದು ಕಲ್ಲು; ಆಮೇಲೆ ಸೀಮೆಎಣ್ಣೆಯ ಡಬ್ಬಿ. ಪಶುವೈದ್ಯರ ನೆನಪು ಬರುವುದು ಎಲ್ಲಕ್ಕಿಂತ ಕೊನೆಗೆ.

ಕಳೆದ ಮಳೆಗಾಲದಲ್ಲಿ ನಾವು ವಾಸವಾಗಿರುವ ಕಟ್ಟಡದ ಮೆಟ್ಟಿಲ ಕೆಳಗೆ ನಾಲ್ಕೈದು ತಿಂಗಳ ಮರಿಯೊಂದು ಬಂದು ಸೇರಿಕೊಂಡಿತು. ಅದರ ಕಣ್ಣಿನ ಸುತ್ತಲೂ, ಬಾಯಿಯ ಪಕ್ಕದಲ್ಲಿಯೂ, ಒಂದು ಮುಂಗಾಲಿನ ಮೇಲೂ ಕೂದಲು ಹೋಗಿ ಬೋಳಾಗಿತ್ತು. “ಮಾಸ್ತರರೇ, ಇದನ್ನು ಎಲ್ಲಿಗಾದರೂ ಸಾಗಿಸಿಬಿಡಿ, ಮಕ್ಕಳಿಗೆ ಹತ್ತಿದರೆ ಏನು ಗತಿ?” ಎಂದರು ಕೆಳಗಿನ ಮನೆಯ ಅಮ್ಮನವರು. “ಯಾಕಮ್ಮಾ, ಗ್ಯಾರೇಜಿನಿಂದ ಒಂದಿಷ್ಟು ಸುಟ್ಟ ಎಣ್ಣೆ ತಂದು ಹಚ್ಚಿದರಾಯಿತು, ಎಂಟು ದಿನದಲ್ಲಿ ಕಜ್ಜಿ ಮಾಯ” ಎಂದ ಮೂಲೆಯ ಚಹಾ ಅಂಗಡಿಯ ಹುಡುಗ. ಇಬ್ಬರೂ ಕೆಟ್ಟ ಮನಸ್ಸಿನವರಲ್ಲ. ಆದರೆ ಇಬ್ಬರು ಹೇಳಿದ್ದೂ ತಪ್ಪು. ಅದು ಹೇಗೆ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾರಣ ರಕ್ತವಲ್ಲ, ನುಸಿ

ರಕ್ತ ಕೆಟ್ಟು ಕಜ್ಜಿ ಬರುತ್ತದೆ, ಉಷ್ಣದಿಂದ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಮಾತ್ರವಲ್ಲ, ಯುರೋಪಿನ ವೈದ್ಯರೂ ಬಹುಕಾಲ ಹೀಗೆಯೇ ನಂಬಿದ್ದರು. 1687ರಲ್ಲಿ ಇಟಲಿಯ ಬೊನೊಮೊ ಎಂಬ ವೈದ್ಯನೂ ಚೆಸ್ತೋನಿ ಎಂಬ ಔಷಧ ವ್ಯಾಪಾರಿಯೂ ಸೇರಿ ಮನುಷ್ಯರ ಕಜ್ಜಿಯಿಂದ ಒಂದು ಅತಿ ಸಣ್ಣ ಜೀವಿಯನ್ನು ಹೊರತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕ್ಕೆ ಇದೇ ಕಾರಣವೆಂದು ಬರೆದರು. ಪಂಡಿತರು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. 1834ರಲ್ಲಿ ಕಾರ್ಸಿಕಾ ದ್ವೀಪದ ರೆನುಚ್ಚಿ ಎಂಬ ವಿದ್ಯಾರ್ಥಿಯು ಪ್ಯಾರಿಸಿನ ವೈದ್ಯರೆದುರಿಗೆ ಸೂಜಿಯ ಮೊನೆಯಿಂದ ಆ ಜೀವಿಯನ್ನು ಎತ್ತಿ ತೋರಿಸಿದ ಮೇಲೆಯೇ ಸಂದೇಹ ತೀರಿತು. ಆ ವಿದ್ಯೆಯನ್ನು ಅವನು ಕಲಿತದ್ದು ಕಾಲೇಜಿನಲ್ಲಲ್ಲ. ತನ್ನ ಊರಿನ ಹೆಂಗಸರು ಹಾಗೆ ಸೂಜಿಯಿಂದ ತೆಗೆಯುವುದನ್ನು ಕಂಡಿದ್ದ.

ಈ ಜೀವಿಗೆ ಕನ್ನಡದಲ್ಲಿ ನುಸಿ ಎನ್ನಬಹುದು. ತೆಂಗಿನ ಕಾಯಿಗೆ ನುಸಿ ಬಿದ್ದಿದೆ ಎಂದು ನಮ್ಮ ರೈತರು ಹೇಳುವುದೂ ಇದೇ ಜಾತಿಯ ಜೀವಿಯನ್ನು ಕುರಿತೇ. ಇದು ಹೇನೂ ಅಲ್ಲ, ಚಿಗಟವೂ ಅಲ್ಲ. ಅವಕ್ಕೆ ಆರು ಕಾಲು. ಬೆಳೆದ ನುಸಿಗೆ ಎಂಟು ಕಾಲು. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ್ದು.

ಇಲ್ಲಿ ಒಂದು ಮುಖ್ಯ ವಿಷಯವನ್ನು ವಾಚಕರು ಗಮನಿಸಬೇಕು. ನಾವು ಕಜ್ಜಿ ಎಂಬ ಒಂದೇ ಹೆಸರಿನಿಂದ ಕರೆಯುವುದು ನಾಯಿಗಳಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ರೋಗಗಳನ್ನು. ಅವುಗಳ ನುಸಿ ಬೇರೆ, ಹರಡುವ ರೀತಿ ಬೇರೆ, ಆರೈಕೆ ಬೇರೆ. ಒಂದನ್ನು ಇನ್ನೊಂದೆಂದು ತಿಳಿದರೆ ಕೇಡು ತಪ್ಪಿದ್ದಲ್ಲ.

ಮೊದಲನೆಯದು: ತುರಿಕಜ್ಜಿ

ಇದನ್ನು ಉಂಟುಮಾಡುವ ನುಸಿಯ ಹೆಸರು ಸಾರ್ಕಾಪ್ಟಿಸ್. ದುಂಡಗೆ, ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾಗಿರುತ್ತದೆ. ಹೆಣ್ಣು ನುಸಿಯು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ ಸಾಗಿ, ದಾರಿಯುದ್ದಕ್ಕೂ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿಯಾಗಿ, ಮರಿ ಬೆಳೆದು ಮತ್ತೆ ಮೊಟ್ಟೆಯಿಡಲು ಸುಮಾರು ಮೂರು ವಾರ ಸಾಕು.

ನಾಯಿಗೆ ಹುಚ್ಚು ಹಿಡಿಸುವಂಥ ತುರಿಕೆಗೆ ಕಾರಣ ಕೊರೆತವೊಂದೇ ಅಲ್ಲ. ನುಸಿಯ ಮಲ, ಎಂಜಲು, ಮೊಟ್ಟೆಗಳು ನಾಯಿಯ ಮೈಗೆ ಒಗ್ಗುವುದಿಲ್ಲ. ಮೈ ಅದನ್ನು ಎದುರಿಸಿ ಉರಿಯೇಳುತ್ತದೆ. ಆದುದರಿಂದಲೇ ಕೆಲವೇ ನುಸಿಗಳಿದ್ದರೂ ನಾಯಿ ನಿದ್ದೆಯಿಲ್ಲದೆ ಒದ್ದಾಡುವುದುಂಟು. ಸೋಂಕು ತಗುಲಿ ಕೆಲವು ವಾರಗಳಾದ ಮೇಲೆ ತುರಿಕೆ ಕಾಣಿಸಿಕೊಳ್ಳುವುದೂ ಉಂಟು.

ಇದು ಹಿಡಿಯುವ ಜಾಗಗಳನ್ನು ನೆನಪಿಟ್ಟುಕೊಂಡರೆ ಗುರುತಿಸುವುದು ಸುಲಭ: ಕಿವಿಯ ಅಂಚು, ಮುಂಗಾಲಿನ ಮೊಣಕೈ, ಹಿಂಗಾಲಿನ ಹರಡಿನ ಗಂಟು, ಎದೆ ಮತ್ತು ಹೊಟ್ಟೆಯ ಕೆಳಭಾಗ. ಕೂದಲು ಕಡಿಮೆಯಿರುವ ಕಡೆ ಮೊದಲು ಕೆಂಪು ಗುಳ್ಳೆ, ಆಮೇಲೆ ಹಳದಿ ಹಕ್ಕಳೆ. ತಿಂಗಳುಗಟ್ಟಲೆ ಬಿಟ್ಟರೆ ಮೈಯೆಲ್ಲ ಹರಡಿ ಚರ್ಮ ಆನೆಯ ತೊಗಲಿನಂತಾಗುತ್ತದೆ. ವೈದ್ಯರು ಒಂದು ಸಣ್ಣ ಪರೀಕ್ಷೆ ಮಾಡುವುದುಂಟು. ನಾಯಿಯ ಕಿವಿಯ ಅಂಚನ್ನು ಮಡಿಸಿ ಬೆರಳಿನಿಂದ ಉಜ್ಜುತ್ತಾರೆ. ಅದೇ ಮಗ್ಗುಲಿನ ಹಿಂಗಾಲು ತಾನಾಗಿ ಕೆರೆಯುವಂತೆ ಆಡತೊಡಗಿದರೆ ತುರಿಕಜ್ಜಿಯ ಸಂಶಯ ಬಲವಾಗುತ್ತದೆ.

ಈ ಕಜ್ಜಿ ಒಂದು ನಾಯಿಯಿಂದ ಇನ್ನೊಂದಕ್ಕೆ ಬಹು ಬೇಗ ಹರಡುತ್ತದೆ. ಮೈಗೆ ಮೈ ತಗುಲಿದರೂ ಸಾಕು, ಒಂದೇ ಚಾಪೆಯ ಮೇಲೆ ಮಲಗಿದರೂ ಸಾಕು. ನಾಯಿಯ ಮೈಯಿಂದ ಉದುರಿದ ನುಸಿ ಕೆಲವು ದಿನ ಹೊರಗೆ ಬದುಕಿರಬಲ್ಲುದು. ಮನುಷ್ಯರಿಗೂ ತಗುಲುತ್ತದೆ. ನಾಯಿಯನ್ನು ಎತ್ತಿಕೊಳ್ಳುವ ತೋಳು, ಎದೆ, ಸೊಂಟದ ಮೇಲೆ ಕೆಂಪು ಗುಳ್ಳೆಯೆದ್ದು ಕೆರೆತವಾಗುತ್ತದೆ. ಆದರೆ ನಾಯಿಯ ನುಸಿಗೆ ನಮ್ಮ ಮೈಯಲ್ಲಿ ಸಂತಾನ ಬೆಳೆಸಲು ಆಗುವುದಿಲ್ಲ. ನಾಯಿಗೆ ಚಿಕಿತ್ಸೆಯಾದರೆ ನಮ್ಮ ತುರಿಕೆಯೂ ಕೆಲವು ವಾರಗಳಲ್ಲಿ ತಾನಾಗಿ ಅಡಗುತ್ತದೆ. ಅಡಗದಿದ್ದರೆ, ಅಥವಾ ಬೆರಳುಗಳ ಸಂದಿಯಲ್ಲಿ ಕೆರೆತವಿದ್ದು ಮನೆಯವರಿಗೆಲ್ಲ ಹಬ್ಬುತ್ತಿದ್ದರೆ, ಅದು ಮನುಷ್ಯರದೇ ಕಜ್ಜಿಯಾಗಿರಬಹುದು. ಪಾಪದ ನಾಯಿಯನ್ನು ದೂರದೆ ನಮ್ಮ ವೈದ್ಯರಲ್ಲಿಗೆ ಹೋಗಬೇಕು.

ಎರಡನೆಯದು: ರೋಮಕೂಪದ ಕಜ್ಜಿ

ಇದರ ನುಸಿ ಡೆಮೊಡೆಕ್ಸ್. ಬೀಡಿಯಂತೆ ಉದ್ದನೆಯ ಮೈ, ಮುಂಭಾಗದಲ್ಲಿ ಮೊಟಕು ಕಾಲುಗಳು. ಇದು ಸುರಂಗ ಕೊರೆಯುವುದಿಲ್ಲ; ಕೂದಲು ಹುಟ್ಟುವ ಕುಳಿಯೊಳಗೆ ವಾಸಿಸುತ್ತದೆ. ಆಶ್ಚರ್ಯದ ಸಂಗತಿಯೆಂದರೆ, ಆರೋಗ್ಯವಾಗಿರುವ ನಾಯಿಗಳ ಮೈಯಲ್ಲಿಯೂ ಈ ನುಸಿ ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮರಿಗಳು ತಾಯಿಯ ಹಾಲು ಕುಡಿಯುವಾಗ ಅವಳ ಮೈಯಿಂದ ಇದನ್ನು ಪಡೆಯುತ್ತವೆ. ನಾಯಿಯದು ಹಾಗಿರಲಿ; ಬೆಳೆದ ಮನುಷ್ಯರಲ್ಲಿ ಬಹುಮಂದಿಯ ಮುಖದ ರೋಮಕೂಪಗಳಲ್ಲಿ ಇದರ ದಾಯಾದಿ ಜಾತಿಯೊಂದು ಸುಖವಾಗಿ ಬಾಳುತ್ತಿದೆ. ನಮಗೆ ಅದರ ಸುಳಿವೂ ಇಲ್ಲ.

ಹಾಗಿದ್ದರೆ ರೋಗ ಬರುವುದೇಕೆ? ಮೈಯ ರೋಗನಿರೋಧಕ ಶಕ್ತಿ ಈ ನುಸಿಗಳನ್ನು ಅಂಕೆಯಲ್ಲಿಟ್ಟಿರುತ್ತದೆ. ಎಳೆಯ ಮರಿಗಳಲ್ಲಿ ಆ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೊಟ್ಟೆಗಿಲ್ಲದಿರುವುದು, ಜಂತುಹುಳ, ಬೇರೆ ಕಾಯಿಲೆ ಅದನ್ನು ಇನ್ನಷ್ಟು ಕುಂದಿಸುತ್ತವೆ. ಅಂಕೆ ತಪ್ಪಿದೊಡನೆ ನುಸಿಗಳು ಮಿತಿಮೀರಿ ಬೆಳೆದು ಕೂದಲು ಉದುರುತ್ತದೆ. ಕಣ್ಣಿನ ಸುತ್ತ, ಬಾಯಿಯ ಮೂಲೆಯಲ್ಲಿ, ಮುಂಗಾಲುಗಳ ಮೇಲೆ ಬೋಳು ತೇಪೆಗಳು ಕಾಣಿಸುತ್ತವೆ. ಮೊದಮೊದಲು ತುರಿಕೆ ಇರುವುದೇ ಇಲ್ಲ, ಇದ್ದರೂ ಅಲ್ಪ. ಈ ಕಜ್ಜಿ ಮನುಷ್ಯರಿಗೆ ಹತ್ತುವುದಿಲ್ಲ. ಬೆಳೆದ ಬೇರೆ ನಾಯಿಗಳಿಗೂ ಸಾಮಾನ್ಯವಾಗಿ ಹರಡುವುದಿಲ್ಲ.

ನಾಲ್ಕೈದು ಕಡೆ ಮಾತ್ರ ತೇಪೆಗಳಿರುವ ಮರಿಗಳಲ್ಲಿ ಹೆಚ್ಚಿನವು ಮದ್ದಿಲ್ಲದೆಯೇ ಒಂದೆರಡು ತಿಂಗಳಲ್ಲಿ ಗುಣವಾಗುತ್ತವೆ. ಆದರೆ ಕೆಲವು ಮರಿಗಳಲ್ಲಿ ಅದು ಮೈಯೆಲ್ಲ ಹಬ್ಬಿ, ರೋಮಕೂಪಗಳು ಒಡೆದು, ಕೀವು ತುಂಬಿ, ದುರ್ವಾಸನೆಯೆದ್ದು, ಜ್ವರ ಬಂದು ಪ್ರಾಣಕ್ಕೇ ಮುಳುವಾಗುವುದುಂಟು. ಆಗ ಸುಮ್ಮನಿರುವುದು ಸಲ್ಲದು. ಬಲಿತ ನಾಯಿಗೆ ಇದು ಹೊಸದಾಗಿ ಬಂದರೆ, ಒಳಗೆ ಬೇರಾವುದೋ ರೋಗ ಅಡಗಿದೆಯೆಂದು ತಿಳಿದು ವೈದ್ಯರು ಅದನ್ನು ಹುಡುಕುತ್ತಾರೆ.

ಕಜ್ಜಿಯಂತೆ ಕಾಣುವ ಬೇರೆ ರೋಗಗಳು

ಕೂದಲುದುರಿದ್ದೆಲ್ಲ ಕಜ್ಜಿಯಲ್ಲ. ಸೊಂಟದ ಮೇಲೆ, ಬಾಲದ ಬುಡದಲ್ಲಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ ಅದು ಬಹುಮಟ್ಟಿಗೆ ಚಿಗಟದ ಕಾಟ. ದುಂಡಗಿನ ಬೋಳು ಕಲೆಯಾಗಿ ಅಂಚಿನಲ್ಲಿ ಹೊಟ್ಟೆದ್ದಿದ್ದರೆ ಹುಳುಕಡ್ಡಿಯಾಗಿರಬಹುದು; ಹೆಸರಿನಲ್ಲಿ ಹುಳುವಿದ್ದರೂ ಅದು ಬೂಷ್ಟಿನ ಜಾತಿಯ ರೋಗ, ಮಕ್ಕಳಿಗೂ ಅಂಟುತ್ತದೆ. ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕಸ ತುಂಬಿ ನಾಯಿ ತಲೆ ಕೊಡವುತ್ತಿದ್ದರೆ ಅದು ಕಿವಿಯಲ್ಲಿಯೇ ವಾಸಿಸುವ ಇನ್ನೊಂದು ನುಸಿಯ ಕೆಲಸವಿರಬಹುದು.

ಆದುದರಿಂದ ಕಣ್ಣಳತೆಯನ್ನೇ ನಂಬದೆ ಪರೀಕ್ಷೆ ಮಾಡಿಸಬೇಕು. ವೈದ್ಯರು ಚರ್ಮದ ಮೇಲೆ ಒಂದು ಹನಿ ಎಣ್ಣೆ ಹಾಕಿ, ಸಣ್ಣ ಅಲಗಿನಿಂದ ಹೆರೆದು, ಬಂದುದನ್ನು ಗಾಜಿನ ತುಂಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಡೆಮೊಡೆಕ್ಸ್ ಆಳದಲ್ಲಿರುವುದರಿಂದ ಚರ್ಮವನ್ನು ಹಿಂಡಿ, ನೆತ್ತರು ಜಿನುಗುವ ತನಕ ಹೆರೆಯಬೇಕಾಗುತ್ತದೆ; ನೋಡುವವರಿಗೆ ಕರುಳು ಚುರುಕ್ಕೆಂದರೂ ಗಾಯ ಅಲ್ಪ. ತುರಿಕಜ್ಜಿಯ ನುಸಿ ಮಾತ್ರ ಎಷ್ಟೋ ಸಲ ಸಿಗುವುದೇ ಇಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ. ಲಕ್ಷಣಗಳು ಹೊಂದುತ್ತಿದ್ದರೆ ವೈದ್ಯರು ಮದ್ದು ಕೊಟ್ಟೇ ನೋಡುತ್ತಾರೆ. ಗುಣ ಕಂಡರೆ ಅದೇ ಪ್ರಮಾಣ.

ಮಾಡಬಾರದ್ದು

ಚಹಾ ಅಂಗಡಿಯ ಹುಡುಗನಿಗೆ ನಾನು ಸಿಟ್ಟಿನಿಂದ ಉತ್ತರ ಕೊಡಲಿಲ್ಲ. ಏಕೆಂದರೆ ಹುಡುಗನಾಗಿದ್ದಾಗ ಊರಿನ ನಮ್ಮ ಮನೆಯಲ್ಲಿ ಕರಿಯ ಎಂಬ ಮರಿಗೆ ಹೀಗೆಯೇ ಕಣ್ಣಿನ ಸುತ್ತ ಕೂದಲುದುರಿತ್ತು. ದೊಡ್ಡವರು ಹೇಳಿದರೆಂದು ನಾನೇ ನನ್ನ ಕೈಯಿಂದ ಅದರ ಮೈಗೆ ಸೀಮೆಎಣ್ಣೆ ಹಚ್ಚಿದೆ. ಮೈ ಉರಿದು ಅದು ನೆಕ್ಕಿಕೊಂಡಿತು. ಮೂರನೆಯ ದಿನ ಕೊಟ್ಟಿಗೆಯ ಹಿಂದೆ ಸತ್ತು ಬಿದ್ದಿತ್ತು. ಕಜ್ಜಿಯಿಂದ ಸತ್ತಿತೆಂದೇ ಎಲ್ಲರೂ ತಿಳಿದೆವು. ಈಗ ಲಕ್ಷಣಗಳನ್ನು ಓದಿ ಹೋಲಿಸಿ ನೋಡಿದಾಗ, ನಾನು ಏನನ್ನೂ ಮಾಡದೆ ಸುಮ್ಮನಿದ್ದಿದ್ದರೆ ಅದು ಬಹುಶಃ ಬದುಕುತ್ತಿತ್ತು ಎನ್ನಿಸುತ್ತದೆ.

ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ನೆಕ್ಕುವಾಗ ಶ್ವಾಸಕೋಶಕ್ಕೆ ಇಳಿದರೆ ಉಸಿರೇ ನಿಲ್ಲಬಹುದು. ವಾಹನದ ಸುಟ್ಟ ಎಣ್ಣೆಯಲ್ಲಿ ಸೀಸದಂಥ ಲೋಹಗಳ ವಿಷವಿರುತ್ತದೆ. ಫಿನೈಲು, ಹೊಗೆಸೊಪ್ಪಿನ ಕಷಾಯ, ಹೊಲಕ್ಕೆ ಹೊಡೆಯುವ ಕೀಟನಾಶಕ, ಇವೆಲ್ಲವೂ ವಿಷವೇ. ನಾಯಿಯ ಮೈಗೆ ಹಚ್ಚಿದ್ದೆಲ್ಲ ಅದರ ನಾಲಗೆಗೆ ಹೋಗುತ್ತದೆ ಎಂಬುದನ್ನು ಎಂದಿಗೂ ಮರೆಯಕೂಡದು. ಗಂಧಕದ ಮದ್ದಿಗೆ ನುಸಿಯನ್ನು ಕೊಲ್ಲುವ ಗುಣ ನಿಜವಾಗಿಯೂ ಉಂಟು, ವೈದ್ಯರು ಇಂದಿಗೂ ಕೆಲವೊಮ್ಮೆ ಗಂಧಕ ಮತ್ತು ಸುಣ್ಣ ಸೇರಿದ ದ್ರಾವಣವನ್ನು ಬಳಸುತ್ತಾರೆ. ಆದರೆ ಅದರ ಹದವನ್ನು ಅವರೇ ಹೇಳಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ತುರಿಕೆ ನಿಲ್ಲಲೆಂದು ಔಷಧದ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆಯನ್ನೋ ಮುಲಾಮನ್ನೋ ತಂದು ಕೊಡುವವರಿದ್ದಾರೆ. ಎರಡು ದಿನ ತುರಿಕೆ ಅಡಗಿ ಗುಣವಾದಂತೆ ತೋರುತ್ತದೆ. ಆದರೆ ಸ್ಟೀರಾಯ್ಡ್ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ, ರೋಮಕೂಪದ ಕಜ್ಜಿಯಿದ್ದ ಪಕ್ಷದಲ್ಲಿ ನಾಲ್ಕು ತೇಪೆಯಷ್ಟಿದ್ದ ರೋಗ ಮೈಯೆಲ್ಲ ಹಬ್ಬುತ್ತದೆ.

ಇಂದಿನ ಚಿಕಿತ್ಸೆ

ಕಜ್ಜಿಯ ಚಿಕಿತ್ಸೆ ನಮ್ಮ ಕಾಲದಲ್ಲಿ ಬಹಳ ಸುಲಭವಾಗಿದೆ. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಐವರ್‌ಮೆಕ್ಟಿನ್ ಎಂಬ ಮದ್ದು ಹುಟ್ಟಿತು. ಅದಕ್ಕೆ ಕಾರಣರಾದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರು 2015ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ವೈದ್ಯರು ಇದನ್ನು ಚುಚ್ಚುಮದ್ದಾಗಿಯೋ ಬಾಯಿಯ ಮೂಲಕವೋ ಕೊಡುತ್ತಾರೆ. ಮೊಟ್ಟೆಗಳನ್ನು ಇದು ಕೊಲ್ಲದಿರುವುದರಿಂದ, ಒಮ್ಮೆ ಕೊಟ್ಟು ಬಿಟ್ಟರೆ ಸಾಲದು; ಮತ್ತೆ ಕೊಡಬೇಕು. ಕೋಲಿ ಮುಂತಾದ ಕುರಿಕಾಯುವ ತಳಿಗಳಲ್ಲಿ ಹಲವು ನಾಯಿಗಳಿಗೆ ಇದು ಮಿದುಳಿಗೆ ಏರಿ ಪ್ರಾಣಾಪಾಯವಾಗುತ್ತದೆ. ದನಗಳಿಗಾಗಿ ಮಾರುವ ಸೀಸೆಯನ್ನು ತಂದು ಅಂದಾಜಿನಿಂದ ಬಿಸ್ಕತ್ತಿನಲ್ಲಿ ಹಾಕಿ ಕೊಡುವುದಂತೂ ಸರ್ವಥಾ ಕೂಡದು.

ಈಚಿನ ವರ್ಷಗಳಲ್ಲಿ ಅಫೊಕ್ಸೊಲನರ್, ಫ್ಲುರಲನರ್ ಮೊದಲಾದ ಅಗಿಯುವ ಮಾತ್ರೆಗಳು ಬಂದಿವೆ. ಚಿಗಟ ಮತ್ತು ಉಣ್ಣೆಗಳಿಗಾಗಿ ಹುಟ್ಟಿದ ಈ ಮದ್ದುಗಳು ಎರಡೂ ಬಗೆಯ ಕಜ್ಜಿಯ ಮೇಲೆ ಚೆನ್ನಾಗಿ ಕೆಲಸಮಾಡುತ್ತವೆ. ನಾಯಿಯ ತೂಕವನ್ನು ನೋಡಿ ಮಾತ್ರೆ ಆರಿಸಬೇಕು. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಅಮಿಟ್ರಾಜ್ ಎಂಬ ಮದ್ದನ್ನು ನೀರಿನಲ್ಲಿ ಬೆರೆಸಿ ಮೈಗೆ ಹಾಕುವ ಕ್ರಮವೂ ಇದೆ. ವೈದ್ಯರು ಹೇಳಿದ ಅಳತೆಯಲ್ಲಿ, ಕೈಚೀಲ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಮಾತ್ರ ಬಳಸತಕ್ಕದ್ದು.

ತುರಿಕಜ್ಜಿಯಾದರೆ ಮನೆಯಲ್ಲಿರುವ ಎಲ್ಲ ನಾಯಿಗಳಿಗೂ, ತುರಿಕೆ ಇಲ್ಲದವಕ್ಕೂ, ಒಟ್ಟಿಗೆ ಮದ್ದಾಗಬೇಕು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಮದ್ದು ನಾಟಲಿಲ್ಲವೆಂದು ಗಾಬರಿಗೊಳ್ಳಬೇಕಾಗಿಲ್ಲ.

ಮೈಯೆಲ್ಲ ಹಬ್ಬಿದ ರೋಮಕೂಪದ ಕಜ್ಜಿಗೆ ಬೇಕಾದದ್ದು ತಾಳ್ಮೆ. ಕೂದಲು ಮತ್ತೆ ಬಂದೊಡನೆ ಗುಣವಾಯಿತೆಂದು ಮದ್ದು ನಿಲ್ಲಿಸುವವರೇ ಹೆಚ್ಚು. ಹಾಗೆ ಮಾಡಿದರೆ ರೋಗ ಮರುಕಳಿಸುತ್ತದೆ. ತಿಂಗಳಿಗೊಮ್ಮೆ ಚರ್ಮ ಹೆರೆದು ನೋಡಿ, ಎರಡು ಸಲ ಒಂದಾದಮೇಲೊಂದು ನುಸಿ ಕಾಣದಿದ್ದ ಮೇಲೆಯೇ ನಿಲ್ಲಿಸುವ ಮಾತು. ಕೀವಾಗಿದ್ದರೆ ಅದಕ್ಕೆ ಬೇರೆ ಔಷಧ ಬೇಕು. ಜಂತುಹುಳದ ಮದ್ದು, ಹೊಟ್ಟೆತುಂಬ ಆಹಾರ ಇವೂ ಚಿಕಿತ್ಸೆಯ ಭಾಗವೇ. ಈ ದೌರ್ಬಲ್ಯ ವಂಶದಲ್ಲಿ ಇಳಿದುಬರುವ ಸಂಭವ ಇರುವುದರಿಂದ ಅಂಥ ನಾಯಿಯಿಂದ ಮರಿ ಮಾಡಿಸಬಾರದು.

ಖರ್ಚಿನ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು. ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಮುಂಬಯಿಯ ಪರೇಲಿನಲ್ಲಿ 1886ರಿಂದಲೂ, ಚೆನ್ನೈಯ ವೇಪೇರಿಯಲ್ಲಿ 1903ರಿಂದಲೂ ಇಂಥ ಕಾಲೇಜುಗಳಿವೆ. ಹೈದರಾಬಾದಿನವರಿಗೆ ರಾಜೇಂದ್ರನಗರದಲ್ಲಿಯೂ, ಬೆಂಗಳೂರಿಗೆ ಹೋಗಿಬರುವವರಿಗೆ ಹೆಬ್ಬಾಳದಲ್ಲಿಯೂ ಉಂಟು.

ಮರಿಯ ಗತಿ ಏನಾಯಿತು?

ಮೆಟ್ಟಿಲ ಕೆಳಗಿನ ಮರಿಯನ್ನು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು ವೈದ್ಯರಲ್ಲಿಗೆ ಒಯ್ದೆ. ಹೆರೆದು ನೋಡಿದ ವೈದ್ಯರು ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬೀಡಿಯಾಕಾರದ ಮೂರು ನಾಲ್ಕು ಜೀವಿಗಳು ಮೆಲ್ಲಗೆ ಕಾಲಾಡಿಸುತ್ತಿದ್ದವು. “ಇದು ಯಾರಿಗೂ ಹತ್ತುವುದಿಲ್ಲ. ಜಂತುಹುಳಕ್ಕೆ ಮದ್ದು ಕೊಡುತ್ತೇನೆ. ಹೊಟ್ಟೆ ತುಂಬ ಹಾಕಿ, ತಿಂಗಳು ಬಿಟ್ಟು ತೋರಿಸಿ” ಎಂದರು. ಅಷ್ಟೇ ಚಿಕಿತ್ಸೆ. ಎರಡು ತಿಂಗಳಲ್ಲಿ ಕಣ್ಣಿನ ಸುತ್ತ ಮೃದುವಾದ ಕೂದಲು ಬಂತು. ಹೊಟ್ಟೆ ತುಂಬ ಹಾಕಿದವರು ನಾನಲ್ಲ. ಕೆಳಗಿನ ಮನೆಯ ಅಮ್ಮನವರು. ಹತ್ತುವುದಿಲ್ಲವೆಂದು ಗೊತ್ತಾದ ಮೇಲೆ ಅವರ ಭಯ ಹೋಯಿತು. ಭಯ ಹೋದ ಮೇಲೆ ಮಿಕ್ಕದ್ದೆಲ್ಲ ತಾನಾಗಿ ಬಂತು.

ಇತ್ತ ಚಹಾ ಅಂಗಡಿಯ ಹುಡುಗನ ತೋಳಿನ ಮೇಲೆ ಕೆಂಪು ಗುಳ್ಳೆಗಳೆದ್ದಿದ್ದವು. ಅಂಗಡಿಯ ಮುಂದೆ ಮಲಗುವ ಹಳೆಯ ನಾಯಿಯ ಕಿವಿಯಂಚನ್ನೂ ಮೊಣಕೈಯನ್ನೂ ನೋಡಿದಾಗ ಕಾರಣ ತಿಳಿಯಿತು. ಅದಕ್ಕೆ ಎರಡನೆಯ ಬಗೆಯದಲ್ಲ, ಮೊದಲನೆಯ ಬಗೆಯ ಕಜ್ಜಿ. ವೈದ್ಯರು ಕೊಟ್ಟ ಮಾತ್ರೆಯನ್ನು ಹುಡುಗನೇ ಪಾವಿನಲ್ಲಿಟ್ಟು ತಿನ್ನಿಸಿದ; ಜೊತೆಯಲ್ಲಿ ಮಲಗುವ ಇನ್ನೆರಡು ನಾಯಿಗಳಿಗೂ ಆಯಿತು. ಸುಟ್ಟ ಎಣ್ಣೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಓದುಗರ ಮನನಕ್ಕೆ

1. ನಾಯಿಯ ಕಿವಿಯಂಚು, ಮೊಣಕೈಗಳಲ್ಲಿ ಹಕ್ಕಳೆಯಿದ್ದು ವಿಪರೀತ ತುರಿಕೆಯಿದ್ದರೆ ಯಾವ ಬಗೆಯ ಕಜ್ಜಿಯನ್ನು ಶಂಕಿಸಬೇಕು? ಮನೆಯ ಇತರ ನಾಯಿಗಳಿಗೆ ಏನು ಮಾಡಬೇಕು?

2. ಐದು ತಿಂಗಳ ಮರಿಯ ಕಣ್ಣಿನ ಸುತ್ತ ಕೂದಲುದುರಿದೆ, ತುರಿಕೆ ಇಲ್ಲ. ಅದನ್ನು ಮಕ್ಕಳಿಂದ ದೂರವಿಡುವ ಅಗತ್ಯವುಂಟೇ?

3. ತುರಿಕೆಗೆಂದು ಕೊಟ್ಟ ಸ್ಟೀರಾಯ್ಡ್ ಕೆಲವು ನಾಯಿಗಳಲ್ಲಿ ರೋಗವನ್ನು ಹೆಚ್ಚಿಸುವುದೇಕೆ?

4. ಕೂದಲು ಮತ್ತೆ ಬಂದಿತೆಂದರೆ ರೋಮಕೂಪದ ಕಜ್ಜಿ ಗುಣವಾಯಿತೆಂದು ಹೇಳಬಹುದೇ?

ಉತ್ತರಗಳು ಮೇಲಿನ ಲೇಖನದಲ್ಲಿಯೇ ಇವೆ. ನಿಮ್ಮ ಕೇರಿಯ ನಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ ಬಂದು ಮತ್ತೆ ಓದಿದರೆ ಇನ್ನೂ ಚೆನ್ನಾಗಿ ತಿಳಿಯುವುದು.